ಮೂರು ಕಡೆ ಇಟ್ಟ ಅಕ್ಕೋರು

ಶಾಲೆಯಲ್ಲಿ ನಮಗೆ ಗಣಿತ ಕಲಿಸಿದ ಅಕ್ಕೋರ ಬಲಗೈ ಹೆಬ್ಬೆರಳಿನ ಗೆರೆಗಳು ಪೂರ್ತಿ ಸವೆದಿದ್ದವು. ಮೂವತ್ತು ವರ್ಷ ಸೀಮೆಸುಣ್ಣ ಹಿಡಿದ ಬೆರಳದು. ಯಾವ ಮೊಬೈಲೂ ಅದರ ಗುರುತು ಹಿಡಿಯುತ್ತಿರಲಿಲ್ಲ. ನಿವೃತ್ತರಾದ ಮೇಲೆ ಅದೇ ತಕರಾರು ಹೊತ್ತು ಗೋಪನಕೊಪ್ಪದ ನನ್ನ ಮೊಬೈಲ್ ರಿಪೇರಿ ಅಂಗಡಿಗೆ ಬರತೊಡಗಿದರು. ಅವರ ಗಣಿತದಲ್ಲಿ ಎರಡು ಸಲ ನಪಾಸಾದವನು ನಾನು.

ಅವರಿಗೆ ಕ್ರಿಪ್ಟೊ ಆ್ಯಪ್ ಹಾಕಿಕೊಟ್ಟವನೂ ನಾನೇ. ಇದರಲ್ಲಾದರೂ ನಾನು ಗುರು ಎಂಬ ಜಂಬ ಒಂದು ವಾರ ಉಳಿಯಿತು. ನಾನು ದುಡ್ಡನ್ನೆಲ್ಲ ಕ್ರಿಪ್ಟೊ ಕೊಂಡು ಮಾರುವ ಒಂದೇ ಎಕ್ಸ್‌ಚೇಂಜಿನಲ್ಲಿ ಇಟ್ಟಿದ್ದೆ: ಒಂದೇ ಪಾಸ್‌ವರ್ಡ್, ಕಮಿಷನ್ನೂ ಕಡಿಮೆ. ಅಕ್ಕೋರು ಮೂರರಲ್ಲಿ ಖಾತೆ ತೆರೆಸಿದರು. ಅವುಗಳಲ್ಲಿ ನಾನು ದುಡ್ಡಿಟ್ಟ ಎಕ್ಸ್‌ಚೇಂಜೂ ಒಂದು. ಪ್ರತಿಯೊಂದಕ್ಕೂ ಮೊದಲು ಐನೂರು ರೂಪಾಯಿ ಹಾಕಿ, ಮರುದಿನವೇ ಬ್ಯಾಂಕಿಗೆ ವಾಪಸು ತರಿಸುತ್ತಿದ್ದರು. ಬಂದರೆ ಮಾತ್ರ ಮುಂದಿನ ಮಾತು.

"ಹಾಕೂದು ಯಾರಿಗರೆ ಬರತೈತಿ. ತಗಿಯೂದು ಕಲಿ," ಎನ್ನುತ್ತಿದ್ದರು.

ಅದೇ ಹೊತ್ತಿಗೆ ಮಾಲೀಕರು ನನ್ನ ಬಾಡಿಗೆ ಅಂಗಡಿಯನ್ನು ಮಾರಲು ಹೊರಟರು. ಅದನ್ನು ಕೊಳ್ಳಲೆಂದೇ ಆರು ವರ್ಷ ಕೂಡಿಸಿದ ದುಡ್ಡು ಆ ಎಕ್ಸ್‌ಚೇಂಜಿನಲ್ಲಿತ್ತು. ವಿಷಯ ತಿಳಿದ ಅಕ್ಕೋರು ಒಂದು ಮಧ್ಯಾಹ್ನ ಬಂದು ಕೇಳಿದರು: "ಯಾವಾಗರೆ ರೊಕ್ಕಾ ತಗದು ನೋಡೀಯೇನು?"

"ಇಲ್ರಿ."

"ಅರ್ಧಾ ಇವತ್ತ ತಗಿ."

"ಅಕ್ಕೋರ, ಸುಮ್ಮನ ಚಾರ್ಜ್ ಬೀಳತೈತ್ರಿ."

"ಬೀಳಲಿ. ನಾ ಇಲ್ಲೇ ಕುಂಡ್ರತೇನಿ."

ಕುಳಿತೇಬಿಟ್ಟರು. ಗಿರಾಕಿಗಳು ಬಂದು ಹೋದರೂ ಜಪ್ಪಯ್ಯ ಅನ್ನಲಿಲ್ಲ. ಅವರೆದುರು ನನ್ನ ಮಾನ ಹೋಗುತ್ತಿತ್ತು. ಒಳಗೊಳಗೇ ಸಿಡಿಮಿಡಿಗೊಳ್ಳುತ್ತ ಅರ್ಧ ತೆಗೆದು ಬ್ಯಾಂಕಿಗೆ ಹಾಕಿದೆ.

ಇಪ್ಪತ್ತು ದಿನಕ್ಕೆ ಆ ಎಕ್ಸ್‌ಚೇಂಜ್ ಯಾರಿಗೂ ಹಣ ಕೊಡದೆ ಬಾಗಿಲು ಹಾಕಿತು. ಉಳಿದರ್ಧ ಇವತ್ತಿಗೂ ಬಂದಿಲ್ಲ. ಬ್ಯಾಂಕಿನಲ್ಲಿದ್ದ ಅರ್ಧಕ್ಕೆ ಒಂದಿಷ್ಟು ಸಾಲ ಸೇರಿಸಿ ಅಂಗಡಿ ಬರೆಸಿಕೊಂಡೆ. ಅವತ್ತೇ ಅಕ್ಕೋರ ಮನೆಗೆ ಓಡಿ ಕಾಲಿಗೆ ಬಿದ್ದೆ.

"ಅದು ಮುಳುಗತೈತಿ ಅಂತ ನಿಮಗ ಹೆಂಗ ಗೊತ್ತಾತ್ರಿ?"

ಅಕ್ಕೋರು ಜೋರಾಗಿ ನಕ್ಕರು. "ಗೊತ್ತಿದ್ದರ ನಂದ್ಯಾಕ ಅದರಾಗ ಇಡತಿದ್ದೆ? ನಂದೂ ಒಂದು ಪಾಲು ಅಲ್ಲೇ ಹೋತು. ಯಾವುದೂ ಮುಳುಗೂದಿಲ್ಲ ಅಂತ ಮೂರು ಕಡೆ ಇಟ್ಟಿದ್ದಿಲ್ಲೋ ಶಾಣ್ಯಾ. ಯಾವುದು ಮುಳುಗತೈತಿ ಅಂತ ನನಗೂ ಗೊತ್ತಿಲ್ಲ, ಅದಕ್ಕ ಇಟ್ಟಿದ್ದೆ."

'ಗೊತ್ತಿಲ್ಲ' ಎಂದು ಅವರ ಬಾಯಲ್ಲಿ ನಾನು ಕೇಳಿದ್ದು ಅದೊಂದೇ ಸಲ. ಅದನ್ನೂ ಎಷ್ಟು ಧೈರ್ಯವಾಗಿ ಹೇಳಿದರು!

ಹೋದ ವರ್ಷ ಅಕ್ಕೋರು ತೀರಿಕೊಂಡರು. ತಮ್ಮ ಪಾಲು ಹೋದದ್ದನ್ನು ನಗುತ್ತ ಹೇಳಿದವರು, ನನ್ನದು ಹೋಗಬಾರದೆಂದು ಇಡೀ ಮಧ್ಯಾಹ್ನ ಅಲ್ಲಾಡದೆ ಕೂತಿದ್ದರು. ಅಂಗಡಿಯ ಕಾಗದದಲ್ಲಿ ನನ್ನ ಹೆಸರಿರಬಹುದು. ಯಾರಾದರೂ ಕೇಳಿದರೆ, ಈ ಅಂಗಡಿ ನಮ್ಮ ಅಕ್ಕೋರು ಕೊಡಿಸಿದ್ದು ಎಂದೇ ಹೇಳುತ್ತೇನೆ.