ಗಂಗವ್ವ ತಿದ್ದಿದ ಕಾಗದ

ಇದು ನಾಲ್ಕು ವರ್ಷಗಳ ಹಿಂದಿನ ಮಾತು. ಕನ್ನಡ ಎಂ.ಎ. ಮುಗಿಸಿದ್ದ ನಾನು ಜಮಖಂಡಿಯ ಒಂದು ಕಣ್ಣಿನ ಆಸ್ಪತ್ರೆಯ ಕಚೇರಿಯಲ್ಲಿ ಕೆಲಸಕ್ಕೆ ಸೇರಿ ಮೂರು ತಿಂಗಳಾಗಿತ್ತು. ತಪಾಸಣೆ ಮಾಡಿಸಿಕೊಂಡು ಊರಿಗೆ ಹೋದವರ ರಕ್ತದ ವರದಿ ಬಂದ ಮೇಲೆ, ಡಾಕ್ಟರು ಹೇಳಿದ್ದನ್ನು ಕಾಗದದಲ್ಲಿ ಬರೆದು ಅಂಚೆಗೆ ಹಾಕುವುದು ನನ್ನ ಕೆಲಸ. ಹಳೆಯ ಫೈಲುಗಳನ್ನು ನೋಡಿ ‘ಸದರಿ’, ‘ಮೇಲ್ಕಾಣಿಸಿದ’ ಎಲ್ಲವನ್ನೂ ಕಲಿತುಕೊಂಡಿದ್ದೆ. ದೊಡ್ಡ ಪದ ಹಾಕಿದಷ್ಟೂ ಕಾಗದಕ್ಕೆ ತೂಕ ಬರುತ್ತದೆ ಎಂದು ನಂಬಿದ್ದೆ. “ಭಾಷಾ ಭಾಳ ಛಲೋ ಐತಿ ನಿಂದು” ಎಂದು ಮ್ಯಾನೇಜರು ಒಮ್ಮೆ ಹೊಗಳಿದ್ದರಿಂದ ಸ್ವಲ್ಪ ಜಂಬವೂ ಬಂದಿತ್ತು.

ಒಂದು ಮಧ್ಯಾಹ್ನ ವಯಸ್ಸಾದ ಹೆಂಗಸೊಬ್ಬರು ಸೊಸೆಯ ಕೈ ಹಿಡಿದುಕೊಂಡು ನನ್ನ ಮೇಜಿನ ಮುಂದೆ ಬಂದು ನಿಂತರು. ಹೆಸರು ಗಂಗವ್ವ, ರಬಕವಿಯ ನೇಕಾರರ ಮನೆಯವರು. ಸೊಸೆ ನಾನೇ ಬರೆದ ಕಾಗದವೊಂದನ್ನು ಮುಂದಿಟ್ಟಳು.

“ಯವ್ವಾ, ಒಂದ ಮಾತ ಕೇಳಾಕ ಬಂದೇನಿ. ಪೂರ್ತಿ ಕತ್ತಲಾಗಾಕ ಇನ್ನ ಎಷ್ಟ ದಿನ ಹಿಡೀತೈತಿ?” ಎಂದರು ಗಂಗವ್ವ.

“ಯಾವ ಕತ್ತಲಿ, ಆಯಿ?” ಎಂದೆ.

ಸೊಸೆಯೇ ಹೇಳಿದಳು: “ಆಪರೇಷನ್ ಕೈಬಿಟ್ಟೀವಿ ಅಂತ ಬರದೀರಲ್ರಿ. ಓಣ್ಯಾಗ ಸಾಲಿ ಕಲತವರ ಕಡೆ ಓದಿಸಿದ್ವಿ. ಕಣ್ಣ ಉಳಿಯೂದಿಲ್ಲ ಅಂತ ಅದರ ಅರ್ಥ ಅಂದ್ರು. ಅವತ್ತಿನಿಂದ ನಮ್ಮತ್ತಿ ಹೊಟ್ಟಿ ತುಂಬ ಉಂಡಿಲ್ರಿ.”

ಕಣ್ಣು ಪೂರಾ ಹೋಗುವುದರೊಳಗೆ ನೋಡಿಕೊಂಡು ಬರೋಣ ಎಂದು ಗಂಗವ್ವ ಮುಧೋಳದ ಮಗಳ ಮನೆಗೂ ಹೋಗಿ ಬಂದಿದ್ದರಂತೆ. ಮೂರು ತಿಂಗಳ ಮೊಮ್ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಎರಡು ದಿನ ಕೂತಿದ್ದರಂತೆ.

“ಮುಖ ನೆನಪ ಇಟ್ಕೊಳ್ಳೂನು ಅಂತ ಹೋಗಿದ್ನೆವ್ವಾ. ಎಲ್ಲಾ ಮಂಜ ಮಂಜ. ಮೂಗು ಯಾರ ಹಂಗೈತಿ ಅನ್ನೂದೂ ತಿಳೀಲಿಲ್ಲ” ಎಂದರು.

ಕಾಗದ ತೆಗೆದು ಓದಿದೆ. ‘ಸದರಿ ಶಸ್ತ್ರಚಿಕಿತ್ಸೆಯು ಪ್ರಸ್ತುತ ಕಾರ್ಯಸಾಧ್ಯವಲ್ಲದ ಕಾರಣ ಕೈಬಿಡಲಾಗಿದ್ದು, ಮಧುಮೇಹ ನಿಯಂತ್ರಣಾನಂತರ ಪುನರ್ ಪರಿಶೀಲಿಸಲಾಗುವುದು.’ ಡಾಕ್ಟರು ನನಗೆ ಹೇಳಿದ್ದು ಇಷ್ಟೇ: ಸಕ್ಕರೆ ಹೆಚ್ಚಿದೆ, ಇಳಿಯಲಿ, ತಿಂಗಳು ಬಿಟ್ಟು ಆಪರೇಷನ್ ಮಾಡೋಣ.

ಡಾಕ್ಟರ ಕೋಣೆಗೆ ಓಡಿಹೋಗಿ ತಪ್ಪು ಒಪ್ಪಿಕೊಂಡೆ. ಅವರು ಕಾಗದ ಓದಿ ನನ್ನ ಕೈಗೇ ವಾಪಸು ಕೊಟ್ಟರು. “ಬರೇ ಪೊರಿ ಬಂದೈತಿ, ತೆಗದ್ರ ಕಾಣಸ್ತೈತಿ. ಹೋಗು, ನೀನ ಹೇಳು” ಎಂದರು.

ಬಂದು ಹೇಳಿದೆ. ಗಂಗವ್ವ “ಖರೇನ?” ಎಂದು ಮೂರು ಸಲ ಕೇಳಿದರು. ನನ್ನ ತಪ್ಪು ಎಂದು ಕ್ಷಮೆ ಕೇಳಿದ್ದು ಅವರ ಕಿವಿಗೆ ಬಿತ್ತೋ ಇಲ್ಲವೋ. “ಅದನ್ನ ಕಾಗದದಾಗ ಬರದ ಕೊಡವ್ವಾ. ಓಣ್ಯಾಗ ಎಲ್ಲಾರ ಮುಂದ ಓದಿಸಬೇಕು” ಎಂದರು.

ಹೊಸ ಹಾಳೆ ತೆಗೆದುಕೊಂಡು, ಬರೆಯುತ್ತಲೇ ಓದಿ ಹೇಳತೊಡಗಿದೆ: ‘ನಿಮಗೆ ಸಕ್ಕರೆ ಕಾಯಿಲೆ ಹೆಚ್ಚಾಗಿದೆ...’

ಗಂಗವ್ವ ಕೈ ಅಡ್ಡ ಹಿಡಿದರು. “ತಡಿಯವ್ವಾ. ಕಣ್ಣ ಕಾಣಸ್ತಾವು ಅನ್ನೂದನ್ನ ಮೊದಲ ಬರಿ. ಅದನ್ನ ಕೇಳಿದ ಮ್ಯಾಲ ಉಳಿದದ್ದ ಕೇಳಾಕ ಧೈರ್ಯ ಬರತೈತಿ.”

ಎರಡು ವರ್ಷದ ಎಂ.ಎ. ತರಗತಿಯಲ್ಲಿ ಯಾರೂ ನನಗೆ ಈ ಮಾತು ಹೇಳಿರಲಿಲ್ಲ. ಮತ್ತೆ ಬರೆದೆ: ‘ಗಂಗವ್ವನವರೆ, ಆಪರೇಷನ್ ಆದ ಮೇಲೆ ನಿಮಗೆ ಕಣ್ಣು ಕಾಣಿಸುತ್ತದೆ. ಅದಕ್ಕಿಂತ ಮೊದಲು ಸಕ್ಕರೆ ಇಳಿಯಬೇಕು. ದಿನಾ ತಪ್ಪದೆ ಗುಳಿಗೆ ತೆಗೆದುಕೊಳ್ಳಿ. ಒಂದು ತಿಂಗಳಾದ ಮೇಲೆ ಸೋಮವಾರ ಬೆಳಿಗ್ಗೆ ಬನ್ನಿ.’

“ಹಾಂ, ಈಗ ತಿಳೀತು” ಎಂದು ಅದನ್ನು ಮಡಚಿ ಸೊಸೆಯ ಕೈಗೆ ಕೊಟ್ಟರು.

ತಿಂಗಳಿಗೆ ಬಂದಾಗ ಸಕ್ಕರೆ ಇನ್ನೂ ಇಳಿದಿರಲಿಲ್ಲ. ಮತ್ತೆ ಇಪ್ಪತ್ತು ದಿನ ಕಾಯಬೇಕಾಯಿತು. ಕೊನೆಗೆ ಆಪರೇಷನ್ ಆಯಿತು. ಮರುದಿನ ಕಣ್ಣಿನ ಪಟ್ಟಿ ಬಿಚ್ಚುವಾಗ ನಾನೂ ಹೋಗಿ ನಿಂತಿದ್ದೆ. ಗಂಗವ್ವ ಮೊದಲು ಸೊಸೆಯನ್ನು ನೋಡಿದರು, ಆಮೇಲೆ ಕಿಟಕಿಯನ್ನು. “ಕಾಗದ ಬರದಾಕಿ ಎಲ್ಲದಾಳ?” ಎಂದರು. ಹತ್ತಿರ ಹೋದೆ.

“ಇಷ್ಟ ಸಣ್ಣ ಹುಡುಗಿ ಏನವ್ವಾ ನೀನು! ಆ ಮೊದಲಿನ ಕಾಗದ ಕೇಳಿ ಯಾರೋ ದೊಡ್ಡ ಸಾಹೇಬ್ರು ಸಿಟ್ಟೀಲೆ ಬರದಾರ ಅಂದ್ಕೊಂಡಿದ್ದೆ” ಎಂದು ನನ್ನ ಗಲ್ಲ ಸವರಿದರು. ನಗು ಬಂತು, ನಗುತ್ತಿರುವಾಗಲೇ ಕಣ್ಣೂ ತುಂಬಿದವು.

ಈಗಲೂ ಅದೇ ಕೆಲಸದಲ್ಲಿದ್ದೇನೆ. ಯಾವ ಕಾಗದವನ್ನೂ ಒಮ್ಮೆ ಗಟ್ಟಿಯಾಗಿ ಓದದೆ ಲಕೋಟೆಗೆ ಹಾಕುವುದಿಲ್ಲ. ನಾಲಿಗೆ ತೊಡರಿದ ಕಡೆ ಮತ್ತೆ ಬರೆಯುತ್ತೇನೆ. ಗಂಗವ್ವ ಅವತ್ತು ನನಗೆ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಬಹುಶಃ ಇಷ್ಟು ಹೊತ್ತಿಗೆ ಮರೆತುಬಿಡುತ್ತಿದ್ದೆ.