ಚಾರ್ಜಿಲ್ಲದೆ ಕುಣಿದ ಹೆಬ್ಬೆರಳು

ದೆವ್ವ, ಪವಾಡ ಅಂತ ಯಾರಾದರೂ ಶುರುಮಾಡಿದರೆ ಅವರದೇ ಧ್ವನಿಯಲ್ಲಿ ಅಣಕಿಸಿ ಓಡಿಸುತ್ತಿದ್ದವನು ನಾನು. ಹಾಗಾಗಿ ಇದನ್ನು ನಂಬಿ ಎಂದು ನಿಮ್ಮನ್ನು ಕೇಳುವ ಮುಖ ನನಗಿಲ್ಲ. ಆದರೂ ಹೇಳದೆ ಇರಲಾಗುತ್ತಿಲ್ಲ.

ಮೂರು ವರ್ಷದ ಹಿಂದೆ ಅಮ್ಮನಿಗೆ ಗರ್ಭಕಂಠದ ಕ್ಯಾನ್ಸರ್ ಆಪರೇಷನ್ ಆಯಿತು. ಗಡ್ಡೆಯ ಜೊತೆಗೆ, ಮೂತ್ರ ಬರುತ್ತಿದೆ ಎಂಬ ಅರಿವೂ ಹೋಯಿತು. ಅಲ್ಲಿನ ನರಗಳು ಸೊರಗಿವೆ ಎಂದರು ಡಾಕ್ಟರು. ಹೊತ್ತುಹೊತ್ತಿಗೆ ತಾನೇ ಸಣ್ಣ ಟ್ಯೂಬ್ ಹಾಕಿಕೊಂಡು ಮೂತ್ರ ತೆಗೆಯಬೇಕು. ಎರಡು ತಿಂಗಳು ಅಮ್ಮ ಗವಿಪುರದ ಮನೆ ಬಿಟ್ಟು ಒಂದು ನಾಮಕರಣಕ್ಕೂ ಹೋಗಲಿಲ್ಲ. ಬದುಕಿಡೀ ಇದೇ ಆದರೆ ಎಂಬ ಭಯ.

ಆಮೇಲೆ ಆಸ್ಪತ್ರೆಯ ಫಿಸಿಯೋಥೆರಪಿ ಮೇಡಂ ಒಂದು ಪುಟ್ಟ ಯಂತ್ರ ಕೊಟ್ಟರು. ಪಾದದ ಗಂಟಿನ ಒಳಬದಿಗೆ ಎರಡು ಪಟ್ಟಿ ಅಂಟಿಸಿ, ದಿನಾ ಅರ್ಧ ಗಂಟೆ ಸಣ್ಣಗೆ ಕರೆಂಟ್ ಕೊಡಬೇಕು. ಆ ನರದ ಮೂಲಕ ಮೂತ್ರಕೋಶವನ್ನು ಎಬ್ಬಿಸುವ ಉಪಾಯ. ಸರಿಯಾಗಿ ತಗುಲಿದರೆ ಹೆಬ್ಬೆರಳು ಮಿಡುಕುತ್ತದೆ. ಅಂಟಿಸುವುದು, ಜೊತೆಗೆ ಮನರಂಜನೆ, ಎರಡೂ ನನ್ನ ಪಾಲು.

ಒಂದು ಭಾನುವಾರ ಊಟವಾದ ಮೇಲೆ ಪಟ್ಟಿ ಅಂಟಿಸಿ, ಗುಂಡಿ ಒತ್ತಿ, ಫಿಸಿಯೋ ಮೇಡಂ ಥರ ಮೂಗಲ್ಲಿ ಹೇಳಿದೆ: "ಕಾಲು ಲೂಸ್ ಬಿಡೀಮ್ಮಾ, ಟೈಟ್ ಮಾಡ್ಬೇಡಿ."

"ಅವರೆದುರಿಗೆ ಮಾಡು, ಆ ವೈರ್ ನಿನ್ನ ನಾಲಿಗೆಗೇ ಹಾಕ್ತಾರೆ," ಎಂದಳು ಅಮ್ಮ.

ಉತ್ಸಾಹ ಹೆಚ್ಚಿ ನಮ್ಮ ಬೀದಿಯ ಟ್ರಾನ್ಸ್‌ಫಾರ್ಮರ್ ಹಾಗೆ ಗುರ್ರೆಂದೆ. ಹೆಬ್ಬೆರಳು ಮಿಡುಕಿತು. ಉಸಿರಿಗೆಂದು ನಿಲ್ಲಿಸಿದೆ, ಬೆರಳೂ ನಿಂತಿತು. ಮತ್ತೆ ಗುರ್ರೆಂದರೆ ಮತ್ತೆ ಕುಣಿತ.

"ನಿಲ್ಲಿಸ್ಬೇಡ ಕಣೋ, ಇವತ್ತು ಚೆನ್ನಾಗಿ ಹತ್ತಿದೆ," ಎಂದವಳು ಸ್ವಲ್ಪ ಹೊತ್ತಿಗೆ ನನ್ನ ತೋಳು ಹಿಡಿದಳು. "ಲೋ, ಒಂದಕ್ಕೆ ಬರೋ ಹಾಗಿದೆ."

"ನಿಜವಾಗ್ಲೂನಾ?"

"ಮೊದಲು ವೈರ್ ಬಿಚ್ಚೋ!"

ಬಚ್ಚಲಿನ ಬಾಗಿಲಾಚೆಯಿಂದ ಸದ್ದು ಕೇಳಿತು. ಎಷ್ಟೋ ಸದ್ದು ಅಣಕಿಸಿದ್ದೇನೆ, ಅಷ್ಟು ಇಂಪಾದದ್ದು ಕೇಳಿರಲಿಲ್ಲ. ಅಮ್ಮ ಒಳಗೇ ಅಳುತ್ತಾ ನಗುತ್ತಿದ್ದಳು, ನಾನು ನಡುಮನೆಯಲ್ಲಿ ಒಬ್ಬನೇ ಕುಣಿದೆ.

ಕುಣಿದಾದ ಮೇಲೆ ಯಂತ್ರ ಆರಿಸಲು ಹೋದರೆ ಪರದೆ ಕಪ್ಪಗಿತ್ತು. ಗುಂಡಿ ಒತ್ತಿದರೂ ಹೊತ್ತಿಕೊಳ್ಳಲಿಲ್ಲ. ಹಿಂದಿನ ದಿನವೇ ಬ್ಯಾಟರಿ ಮುಗಿದು ಆರಿಹೋಗಿತ್ತು, ಅದಕ್ಕೇ ಚಾರ್ಜಿಗಿಟ್ಟಿದ್ದೆ. ಆದರೆ ಓಡಾಡುತ್ತಾ ಕಂಡ ಸ್ವಿಚ್ಚನ್ನೆಲ್ಲ ಆರಿಸುವುದು ಅಮ್ಮನ ಚಟ, ಚಾರ್ಜರಿನದನ್ನೂ ಆರಿಸಿದ್ದಳು. ಅಣಕದ ಭರದಲ್ಲಿ ನಾನು ನೋಡಿರಲೇ ಇಲ್ಲ.

ಮುಂದೆ ಒಂದೆರಡು ತಿಂಗಳಲ್ಲಿ ಟ್ಯೂಬ್ ಹಾಕಿಕೊಳ್ಳುವುದು ಪೂರ್ತಿ ತಪ್ಪಿತು. ಯಂತ್ರ ಆರಿದ್ದ ವಿಷಯ ಗುಟ್ಟಾಗಿ ಹೇಳಿದಾಗ, ನರಗಳು ಆ ಹೊತ್ತಿಗೆ ತಾವಾಗಿ ಚೇತರಿಸಿಕೊಂಡಿದ್ದಿರಬಹುದು ಎಂದರು ಫಿಸಿಯೋ ಮೇಡಂ. "ಮತ್ತೆ ಬೆರಳು, ಮೇಡಂ?" ಎಂದೆ. ಅವರು ಮುಂದಿನ ಪೇಷಂಟನ್ನು ಕರೆದರು.

ಒಮ್ಮೆ ನನ್ನ ಕಾಲಿಗೇ ಪಟ್ಟಿ ಅಂಟಿಸಿ, ಯಂತ್ರ ಆರಿಸಿಟ್ಟು, ಗಂಟಲು ಒಣಗುವವರೆಗೆ ಗುರ್ರೆಂದೆ. ಬೆರಳು ಅಲುಗಲಿಲ್ಲ. ಅಮ್ಮನಿಗೆ ಮಾತ್ರ ಆ ಸ್ವಿಚ್ಚಿನ ವಿಷಯ ಇವತ್ತಿಗೂ ಹೇಳಿಲ್ಲ. ಹೇಳಿ, ಬಂದದ್ದು ನಿಂತುಬಿಟ್ಟರೆ?