ಕೋಳಿಯ ಕಾಲಿಗೆ ಕಟ್ಟಿದ ಚಿಂದಿ

ನಮ್ಮ ಓಣಿಯಲ್ಲಿ ಕೋಳಿಗಳಿಗೆ ಗಡಿ ಇಲ್ಲ. ಬೆಳಿಗ್ಗೆ ಬಿಟ್ಟರೆ ಎಲ್ಲರ ಹಿತ್ತಲಲ್ಲೂ ಕೆದರಿ ತಿಂದು ಸಂಜೆಗೆ ತಮ್ಮ ತಮ್ಮ ಗೂಡಿಗೆ ಬರುತ್ತವೆ. ಅದಕ್ಕೇ ಪ್ರತಿ ಮನೆಯ ಹೆಂಗಸೂ ತನ್ನ ಹಳೆಯ ಸೀರೆಯನ್ನು ಹರಿದು ಕೋಳಿಯ ಕಾಲಿಗೆ ಒಂದು ಚಿಂದಿ ಕಟ್ಟಿರುತ್ತಾಳೆ. ನನ್ನದು ಹಸಿರು. ಬಾಜು ಮನೆಯವಳದು ಕೆಂಪು. ನಮ್ಮೂರು ಹತ್ತಿಕುಣಿಯಲ್ಲಿ ಕೋಳಿಯ ಜಗಳ ಬಂದರೆ ಕಾಲು ನೋಡಿಯೇ ಮುಗಿಸುತ್ತಾರೆ. ಆ ಚಿಂದಿ ಬಿಚ್ಚಿದವಳನ್ನು ಕಳ್ಳಿ ಅನ್ನುತ್ತಾರೆ. ನಾನು ಬಿಚ್ಚಿದ್ದೇನೆ.

ಬಾಜು ಮನೆಯವಳು ನನ್ನ ಮಗಳ ವಯಸ್ಸಿನವಳು. ಗಂಡ ಸೈದಾಪುರದ ಕಡೆ ಕಾರ್ಖಾನೆಯೊಂದರಲ್ಲಿ ಕಾವಲಿಗಿದ್ದಾನೆ, ವಾರಕ್ಕೊಮ್ಮೆ ಬರುತ್ತಾನೆ. ಇವಳು ಹಳೆ ಬಟ್ಟೆಯ ಕೌದಿ ಹೊಲಿಯುತ್ತಾಳೆ, ಹತ್ತಿ ಬಿಡಿಸುವ ದಿನಗಳಲ್ಲಿ ಕೂಲಿಗೆ ಹೋಗುತ್ತಾಳೆ. ಅವಳಿಗಿದ್ದದ್ದು ಒಂದೇ ಕೋಳಿ. ನನಗೆ ಎರಡು, ಒಂದು ಕರಿಯದು, ಒಂದು ಕೆಂದದು. ಅವಳದೂ ಕೆಂದದೇ. ಅವಳು ತಂದ ತತ್ತಿಗಳನ್ನು ನನ್ನ ಕರಿ ಕೋಳಿಯ ಕಾವಿಗೆ ಇಟ್ಟು ಮರಿ ಮಾಡಿಸಿ ಹಂಚಿಕೊಂಡಿದ್ದೆವು. ಒಂದೇ ಕಾವಿನ ಆ ಎರಡು ಕೆಂದ ಕೋಳಿಗಳು ಎಷ್ಟು ಒಂದೇ ಥರ ಇದ್ದವೆಂದರೆ ಚಿಂದಿ ಇಲ್ಲದಿದ್ದರೆ ನನಗೇ ಗುರುತು ಸಿಗುತ್ತಿರಲಿಲ್ಲ.

ಅವಳ ಮಗಳು ಸುರಪುರದ ಕಡೆ ಗಂಡನ ಮನೆಯಲ್ಲಿದ್ದಳು, ಚೊಚ್ಚಲ ಬಸುರಿ. ನಾನು ಚಿಂದಿ ಬಿಚ್ಚಿದ ವಾರವೇ ಹೆರಿಗೆಗೆ ತವರಿಗೆ ಬರುವವಳಿದ್ದಳು. ಬಾಣಂತಿಗೆ ಜವಾರಿ ಕೋಳಿಯ ಸಾರು ಕೊಡಬೇಕೆಂದು ತಾಯಿ ಆ ಕೋಳಿಯನ್ನು ಕಣ್ಣಲ್ಲಿ ಕಣ್ಣಿಟ್ಟು ಕಾದಿದ್ದಳು.

ಅವತ್ತು ಬೆಳಿಗ್ಗೆ ಹತ್ತಿ ಬಿಡಿಸಲು ಹೊರಟವಳು ಗೋಡೆಯ ಮೇಲಿಂದ ಕೂಗಿದಳು.

"ದೊಡ್ಡವ್ವ, ನಾ ಹೊಂಟೀನ್ರಿ. ನಮ್ಮ ಕೋಳಿ ಕಡಿ ಒಂದ್ ಕಣ್ಣಿಡ್ರಿ. ಹಿತ್ತಲದಾಗ ಮುಂಗುಸಿ ತಿರಗಾಡ್ಲಾಕತ್ತದ ಅಂತ."

"ಹೋಗ ಹೋಗ. ನಾ ಇಲ್ಲೇ ಕುಂತಿರ್ತೀನಿ. ನಿನ್ನ ಕೋಳಿ ಓಡಿಹೋಗಿ ಲಗ್ನ ಆಗಂಗಿಲ್ಲ," ಎಂದೆ.

ಕೂತಿರಲಿಲ್ಲ. ಹಿಂದಿನ ಓಣಿಗೆ ಹೊಸ ಸೊಸೆ ಬಂದಿದ್ದಳು, ಅವಳ ತವರಿನವರು ಏನೇನು ಪಾತ್ರೆ ಭಾಂಡೆ ಕೊಟ್ಟಿದ್ದಾರೆಂದು ನೋಡಲು ಹೋದೆ. ಚಹಾ ಕುಡಿದೆ. ಇನ್ನೊಂದು ಕಪ್ಪು ಕೊಟ್ಟರು, ಅದನ್ನೂ ಕುಡಿದೆ. ಮರಳಿ ಬರುವಾಗ ನಮ್ಮ ಹಿತ್ತಲಿನಿಂದ ಕೋಳಿಗಳ ಚೀರಾಟ ಕೇಳಿಸಿತು. ನಾನು ಓಡುವ ಹೊತ್ತಿಗೆ ಮುಂಗುಸಿ ಗೋಡೆ ಹಾರಿ ಜಾಲಿ ಕಂಟಿಯೊಳಗೆ ನುಗ್ಗಿತು.

ಕರಿಯದು ಸತ್ತು ಬಿದ್ದಿತ್ತು. ನನ್ನ ಕೆಂದದು ಗೋಡೆಯ ಮೂಲೆಯಲ್ಲಿ ಮುಖ ತುರುಕಿಕೊಂಡು ಕೂತಿತ್ತು. ಕುತ್ತಿಗೆಯಿಂದ ಬೆನ್ನಿನವರೆಗೆ ಚರ್ಮ ಕಿತ್ತು ಜೋತಾಡುತ್ತಿತ್ತು, ಒಂದು ಕಾಲು ಊರುತ್ತಿರಲಿಲ್ಲ. ಅವಳದು ಹತ್ತಿಕಟ್ಟಿಗೆಯ ಬಣವೆಯ ಮೇಲೆ ಹಾರಿ ಕೂತು ನನ್ನನ್ನೇ ನೋಡುತ್ತಿತ್ತು. ಅದಕ್ಕೆ ಒಂದು ಪುಕ್ಕವೂ ಹೋಗಿರಲಿಲ್ಲ.

ಆಗ ನನಗೆ ದುಃಖವಾಯಿತು ಎಂದು ಬರೆದರೆ ಸುಳ್ಳು. ಸಿಟ್ಟು ಬಂತು. ಎರಡೂ ನನ್ನವೇ ಏಕೆ ಎಂದು. ಬಣವೆಯ ಮೇಲಿನದನ್ನು ಕಾಳು ತೋರಿಸಿ ಇಳಿಸಿಕೊಂಡೆ. ಅದರ ಕೆಂಪು ಚಿಂದಿ ಬಿಚ್ಚಿ ಗಾಯದ ಕೋಳಿಗೆ ಕಟ್ಟಿದೆ. ಗಾಯದ್ದರ ಹಸಿರು ಬಿಚ್ಚಿ ಅದಕ್ಕೆ ಕಟ್ಟಿದೆ. ಕಟ್ಟಿದ ಮೇಲೆಯೇ "ಅಯ್ಯಯ್ಯೋ" ಎಂದು ಬೊಬ್ಬೆ ಹೊಡೆದು ಓಣಿಯವರನ್ನು ಕರೆದೆ.

ಸಂಜೆ ಅವಳು ಬಂದಳು. ನಾನು ಬೈಗುಳಕ್ಕೆ ತಯಾರಾಗಿ, ತಿರುಗಿ ಬೈಯುವ ಮಾತನ್ನೂ ಬಾಯಲ್ಲಿಟ್ಟುಕೊಂಡು ಕೂತಿದ್ದೆ. ಅವಳು ಬೈಯಲಿಲ್ಲ. ಕೆಂಪು ಚಿಂದಿ ನೋಡಿದಳು, ಕೋಳಿಯನ್ನು ಎತ್ತಿ ಮಡಿಲಲ್ಲಿ ಹಾಕಿಕೊಂಡಳು.

"ನೀವರ ಏನ್ ಮಾಡ್ತೀರಿ ದೊಡ್ಡವ್ವ. ನಿಮ್ಮದೂ ಒಂದು ಹೋಗ್ಯಾದಲ್ಲ," ಎಂದಳು.

ನಾನು, "ಇದು ಉಳಿಯಂಗಿಲ್ಲ, ಈಗೇ ಕೊಯ್ದುಬಿಡು," ಎಂದೆ. ಅದು ಕಣ್ಣ ಮುಂದಿನಿಂದ ಹೋದರೆ ನನಗೆ ಸುಲಭವಾಗುತ್ತಿತ್ತು.

"ಇನ್ನ ಉಸುರಾಡ್ಲಾಕತ್ತದ. ನೋಡಮು ತಡೀರಿ."

ನೀರು ಕಾಯಿಸಿ ಉಪ್ಪು ಹಾಕಿ ಗಾಯ ತೊಳೆದಳು. ಸುತ್ತಲ ಪುಕ್ಕಗಳನ್ನು ಒಂದೊಂದಾಗಿ ಕತ್ತರಿಸಿದಳು. ಕೌದಿ ಹೊಲಿಯುವ ಸೂಜಿಯನ್ನೂ ದಾರವನ್ನೂ ಕುದಿಯುವ ನೀರಿನಲ್ಲಿ ಹಾಕಿ ತೆಗೆದು, ನನ್ನ ಕೈಗೆ ಕೋಳಿಯನ್ನು ಕೊಟ್ಟು, "ಗಟ್ಟಿ ಹಿಡೀರಿ" ಎಂದಳು. ಹರಿದ ಚರ್ಮವನ್ನು ಎಳೆದು ಕೂಡಿಸಿ ಹೊಲಿದಳು. ಒಂಬತ್ತು ಹೊಲಿಗೆ. ನನ್ನ ಕೋಳಿಯನ್ನೇ ನಾನು ಹಿಡಿದುಕೊಂಡಿದ್ದೆ, ಅದರ ಎದೆ ನನ್ನ ಅಂಗೈಯಲ್ಲಿ ಬಡಿದುಕೊಳ್ಳುತ್ತಿತ್ತು.

ಎದುರು ಮನೆಯ ಮುದುಕಿ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದಳು. "ಕೋಳಿಗಿ ಕೌದಿ ಹೊಲಿಲಾಕತ್ತಿ ಏನ? ಉಳದ ದಾರದಾಗ ಒಂದು ಕುಬಸಾನೂ ಹೊಲದುಬಿಡು, ಚಳಿಗಿ ಆಗ್ತದ."

"ನಿಮ್ಮ ಬಾಯಿ ಹೊಲಿಲಾಕ ದಾರ ಇಟ್ಟೀನ್ರಿ," ಎಂದಳು ಇವಳು, ತಲೆ ಎತ್ತದೆ.

ಅಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ.

ಕುಸುಬಿ ಎಣ್ಣೆಯಲ್ಲಿ ಅರಿಶಿನ ಕಲಸಿ ಹಚ್ಚಿದಳು. ರಕ್ತ ಕಂಡರೆ ಬೇರೆ ಕೋಳಿಗಳು ಕುಕ್ಕುತ್ತವೆಂದು ಒಳಮನೆಯ ಕತ್ತಲಲ್ಲಿ ಬುಟ್ಟಿ ಕವುಚಿ ಇಟ್ಟಳು. ಮೂರನೇ ದಿನ ಗಾಯದಲ್ಲಿ ಹುಳು ಬಿದ್ದವು. ಕೊಬ್ಬರಿ ಎಣ್ಣೆಯಲ್ಲಿ ಕರ್ಪೂರ ಕರಗಿಸಿ ಬಿಟ್ಟು, ಹೊರಗೆ ಬಂದ ಹುಳುಗಳನ್ನು ಕಡ್ಡಿಯಿಂದ ತೆಗೆದಳು. ಜೋಳದ ನುಚ್ಚು ಬೇಯಿಸಿ, ಹತ್ತಿ ಬಿಡಿಸಿ ಬಿರಿದ ಬೆರಳುಗಳಲ್ಲೇ ಹಿಸುಕಿ, ಕೋಳಿಯ ಬಾಯಿ ತೆರೆದು ಇಡುತ್ತಿದ್ದಳು. ಹಗಲು ಅವಳು ಕೂಲಿಗೆ ಹೋದಾಗ ನೀರು ಕುಡಿಸುವ ಕೆಲಸ ನನಗೆ ಹೇಳಿದಳು. ಮಾಡಿದೆ. ಅದಕ್ಕೂ ಅವಳು, "ನೀವಿದ್ದೀರಿ ಅಂತ ಉಳದದ," ಎನ್ನುತ್ತಿದ್ದಳು. ಆ ಮಾತು ಕೇಳಿದಾಗಲೆಲ್ಲ ನನಗೆ ಏನಾದರೂ ಕೆಲಸ ನೆನಪಾಗಿ ಎದ್ದು ಬಂದುಬಿಡುತ್ತಿದ್ದೆ.

ಮೂರು ವಾರಕ್ಕೆ ಕೋಳಿ ಎದ್ದು ನಡೆಯಿತು. ಕುಂಟುತ್ತಿತ್ತು, ಕುತ್ತಿಗೆಯ ಮೇಲೆ ಪುಕ್ಕ ಬರಲಿಲ್ಲ. ಅವಳು ಬಾಗಿಲು ತೆರೆದರೆ ಸಾಕು, ಕಾಲಿಗೆ ಕಾಲು ಹತ್ತಿ ಬರುತ್ತಿತ್ತು. ನಾನು ಕರೆದರೆ ಬರುತ್ತಿರಲಿಲ್ಲ.

ಅಷ್ಟರಲ್ಲಿ ಅವಳ ಮಗಳಿಗೆ ಯಾದಗಿರಿಯ ಆಸ್ಪತ್ರೆಯಲ್ಲಿ ಹೆರಿಗೆಯಾಯಿತು, ಹೆಣ್ಣು ಕೂಸು. ಟಂಟಂ ಗಾಡಿಯಲ್ಲಿ ಮನೆಗೆ ಕರೆತಂದರು. ಬಾಣಂತಿಗೆ ಸಾರು ಮಾಡುವ ದಿನ ಬಂತು. ನಾನು ಗೋಡೆಯ ಈಚೆ ಜೋಳ ಹಸನು ಮಾಡುತ್ತಿದ್ದೆ. ಅವಳು ಕುಂಟು ಕೋಳಿಯನ್ನು ಕಂಕುಳಲ್ಲಿ ಹಿಡಿದು, ಕೈಯಲ್ಲಿ ಕುಡುಗೋಲು ಹಿಡಿದು ಹಿತ್ತಲಿಗೆ ಬಂದಳು. ಕೂತಳು. ಕೋಳಿ ಅವಳ ಸೆರಗಿನೊಳಗೆ ತಲೆ ಹಾಕಿತು. ಅದರ ಬೋಳು ಕುತ್ತಿಗೆ ಸವರಿ, ಕುಡುಗೋಲನ್ನು ಕೆಳಗಿಟ್ಟಳು.

"ಕೈ ಬರವಲ್ದು ದೊಡ್ಡವ್ವ. ಇದನ್ನ ಹ್ಯಾಂಗ ಕೊಯ್ಲಿ? ಫಾರಂ ಕೋಳಿ ತರಮು ಅಂದ್ರ ಹಸಿ ಮೈಯಾಕಿಗಿ ಅದು ಆಗಂಗಿಲ್ಲ ಅಂತಾರ."

ನಾನು ಎದ್ದೆ. ಹಸಿರು ಚಿಂದಿಯ ಕೋಳಿಯನ್ನು ಹಿಡಿದು ತಂದು ಗೋಡೆಯ ಮೇಲಿಂದ ಅವಳ ಕೈಗೆ ಕೊಟ್ಟೆ. ಇದು ನಿನ್ನದೇ ಎಂದು ಹೇಳಲು ಬಾಯಿ ತೆರೆದಿದ್ದೆ, ನಿಜ. ಅಷ್ಟರೊಳಗೆ ಅವಳು ನನ್ನ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡಳು. "ಇದ್ದದ್ದೊಂದು ಕೋಳಿ ಕೊಡ್ತೀರಲ್ಲ ದೊಡ್ಡವ್ವ! ಹಡದವ್ವನೂ ಇಷ್ಟು ಮಾಡಂಗಿಲ್ಲ."

ಬಾಯಿ ಮುಚ್ಚಿದೆ. ಸಂಜೆಯೊಳಗೆ ಓಣಿಗೆಲ್ಲ ಸುದ್ದಿಯಾಯಿತು. ಎದುರು ಮನೆಯ ಮುದುಕಿ ಕೂಡ, ನನ್ನ ಜೊತೆ ನಲವತ್ತು ವರ್ಷ ಜಗಳಾಡಿದವಳು, "ನಿನ್ನೊಳಗೂ ಒಂದು ಕರಳು ಅದ ಅಂತ ಇವತ್ತು ಗೊತ್ತಾತು ನೋಡು," ಎಂದಳು.

ಬಾಜು ಮನೆಯವಳು ಬಟ್ಟಲ ತುಂಬ ಸಾರು ಕಳಿಸಿದಳು, ಅದರಲ್ಲಿ ಒಂದು ತೊಡೆಯ ತುಂಡು. ತುಂಡೂ ಬಿಡದೆ ಎರಡು ರೊಟ್ಟಿ ಉಂಡೆ.

ಮರುದಿನ ಬಟ್ಟಲು ತೊಳೆದು ಕೊಡಲು ಹೋದೆ. ಖಾಲಿ ಬಟ್ಟಲು ಕೊಡಬಾರದೆಂದು ಒಂದು ಹಿಡಿ ಬೆಲ್ಲ ಹಾಕಿದ್ದೆ. ಬಾಣಂತಿ ಒಳಗೆ ಮಲಗಿದ್ದಳು. ತಾಯಿ ಪಡಸಾಲೆಯಲ್ಲಿ ಕೂಸಿಗೆ ಕೌದಿ ಹೊಲಿಯುತ್ತಿದ್ದಳು. ಕುಂಟು ಕೋಳಿ ಅದರ ಅಂಚಿನ ಮೇಲೆ ಕೂತಿತ್ತು. ನಿಂತೇ ಹೇಳಿದೆ. ಭಾಂಡೆ ನೋಡಲು ಹೋದದ್ದು, ಚಿಂದಿ ಬದಲಿಸಿದ್ದು, ಎಲ್ಲ.

ಅವಳ ಸೂಜಿ ನಿಂತಿತು.

"ಹಂಗಾದ್ರ ನಾ ಹೊಲದದ್ದು ನಿಮ್ಮಾಕಿನ್ನ?"

"ಹೌದು."

"ನಿನ್ನಿ ಉಂಡದ್ದು ನಮ್ಮಾಕಿನ್ನ."

"ಹೌದವ್ವ."

"ಈಗ ಯಾಕ ಹೇಳ್ಲಾಕತ್ತೀರಿ? ಉಂಡಮ್ಯಾಲ?"

ಮೊದಲೇ ಹೇಳಿದ್ದರೆ ಅವಳು ತನ್ನದನ್ನು ಕೊಯ್ಯುವುದೋ ಬಿಡುವುದೋ ತಾನೇ ನೋಡಿಕೊಳ್ಳುತ್ತಿದ್ದಳು. ಅದನ್ನೂ ನಾನು ಅವಳಿಗೆ ಬಿಡಲಿಲ್ಲ.

ಅವಳು ಕೋಳಿಯನ್ನು ಎತ್ತಿ ಮಡಿಲಿಗೆ ಹಾಕಿಕೊಂಡಳು. "ಇದನ್ನ ನಾ ಕೊಡಂಗಿಲ್ಲ. ಹುಳ ತಗದಾಕಿ ನಾ."

"ನಾ ಕೇಳ್ಲಾಕ ಬಂದಿಲ್ಲ."

"ಮತ್ತ ಒಂದ್ ಮಾತ್ ಕೇಳ್ರಿ. ನನ್ನ ಮಗಳಿಗಿ ಇದು ಹೇಳಬ್ಯಾಡ್ರಿ." ಅವಳ ದನಿ ಏರಲಿಲ್ಲ, ಒಳಗೆ ಮಲಗಿದವಳಿಗೆ ಕೇಳಬಾರದೆಂದು. "ಹಸಿ ಬಾಣಂತಿ. ನಿಮ್ಮ ಹೆಸರು ತಗೊಂಡು ಉಂಡಾಳ. ಉಂಡದ್ದು ಮೈಗಿ ಹತ್ಲಿ."

ಬಟ್ಟಲು ತೆಗೆದುಕೊಂಡಳು. ಬೆಲ್ಲವನ್ನು ನನ್ನ ಸೆರಗಿಗೆ ಸುರಿದು ಮರಳಿ ಕೊಟ್ಟಳು.

ತೊಟ್ಟಿಲ ದಿನ ಹೋಗದೇ ಇರಬೇಕೆಂದಿದ್ದೆ. ಹೋಗದಿದ್ದರೆ ಮಗಳು ಕೇಳುತ್ತಾಳೆ, ತಾಯಿ ಸುಳ್ಳು ಹೇಳಬೇಕಾಗುತ್ತದೆ ಎಂದು ಹೋಗಿ ಹಿಂದಿನ ಸಾಲಿನಲ್ಲಿ ಕೂತೆ. ಬಾಣಂತಿ ನನ್ನನ್ನು ಹುಡುಕಿ ನೋಡಿದಳು. "ಕೂಸಿನ್ನ ಮೊದಲ ಬಾಜು ಮನಿ ಆಯಿ ಕೈಯಾಗ ಕೊಡ್ರಿ. ಇದ್ದ ಒಂದು ಕೋಳಿ ನಮಗ ಕೊಟ್ಟಾರ," ಎಂದಳು. ಹೆಂಗಸರೆಲ್ಲ ನನಗೆ ದಾರಿ ಬಿಟ್ಟರು. "ದೊಡ್ಡ ಮನಸಿನಾಕಿ," ಎಂದಳು ಒಬ್ಬಳು. ಅಲ್ಲ ಎನ್ನುವ ಹಾಗಿರಲಿಲ್ಲ, ಬಾಣಂತಿ ಕೇಳುತ್ತಿದ್ದಳು.

ತಾಯಿ ಹೆಂಗಸರಿಗೆ ಹಂಚುವ ಗುಗ್ಗರಿಯ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ನನ್ನ ಮುಖ ನೋಡದೆ, "ಕೂಸಿನ್ನ ಹಿಡೀರಿ ದೊಡ್ಡವ್ವ," ಎಂದಳು.

ಹಿಡಿದೆ.